ಸಣ್ಣ ರಂಗತಂಡ, ಹೊಸ ನಾಟಕ: ಮೊದಲ ಮಾತುಕತೆಯಿಂದ ಕೊನೆಯ ಲೆಕ್ಕದವರೆಗೆ

ವೃತ್ತಿ ರಂಗಭೂಮಿ ಎಂದೊಡನೆ ಕನ್ನಡದವರಿಗೆ ಕಂಪನಿ ನಾಟಕಗಳ ಝಗಮಗಿಸುವ ಪರದೆಗಳು ನೆನಪಾಗುತ್ತವೆ. ನಾನಿಲ್ಲಿ ಹೇಳಹೊರಟಿರುವುದು ಬೇರೆ ಬಗೆಯ ತಂಡದ ವಿಚಾರ. ಐದಾರು ಮಂದಿ ಕಾಯಂ ಆಗಿ ದುಡಿಯುತ್ತಾರೆ, ವರ್ಷಕ್ಕೆ ಎರಡೋ ಮೂರೋ ನಾಟಕ ಕಟ್ಟುತ್ತಾರೆ, ನೂರು ನೂರೈವತ್ತು ಜನ ಕೂರುವ ಜಾಗದಲ್ಲಿ ಇಂದಿನ ಲೇಖಕರ ನಾಟಕಗಳನ್ನು ಆಡುತ್ತಾರೆ, ದುಡಿದ ಪ್ರತಿಯೊಬ್ಬರಿಗೂ ಸಂಭಾವನೆ ಕೊಡುತ್ತಾರೆ. ಕೊನೆಯ ಮಾತಿನಲ್ಲಿ ಎಲ್ಲವೂ ಇದೆ. ಹದಿನೈದು ವರ್ಷ ನೇಪಥ್ಯದಲ್ಲಿ ನಿಂತು ನೋಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಒಂದು: ತಂಡಗಳು ಪ್ರತಿಭೆಯ ಕೊರತೆಯಿಂದ ಒಡೆಯುವುದು ಅಪರೂಪ. ಬರೆದಿಡದ ಮಾತುಗಳಿಂದ ಒಡೆಯುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಾಗದ, ಲೆಕ್ಕ, ದಿನಾಂಕಗಳ ಮಾತು ನಟನೆಯ ಮಾತಿಗಿಂತ ಹೆಚ್ಚಿದೆ.

ಮೊದಲು ತೀರ್ಮಾನವಾಗಬೇಕಾದದ್ದು: ಕೊನೆಯ ಮಾತು ಯಾರದು

1897ರ ಜೂನ್‌ನಲ್ಲಿ ರಷ್ಯಾದ ನಟ-ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಮತ್ತು ನಾಟಕಕಾರ ನೆಮಿರೊವಿಚ್-ದಾನ್ಚೆಂಕೊ ಮಾಸ್ಕೋದ ಒಂದು ರೆಸ್ಟೋರೆಂಟ್‌ನಲ್ಲಿ ಮಧ್ಯಾಹ್ನ ಮಾತಿಗೆ ಕುಳಿತವರು ಎದ್ದದ್ದು ಮರುದಿನ ಬೆಳಿಗ್ಗೆ, 18 ಗಂಟೆಗಳ ನಂತರ. ಮರುವರ್ಷ ಮಾಸ್ಕೋ ಆರ್ಟ್ ಥಿಯೇಟರ್ ಬಾಗಿಲು ತೆರೆಯಿತು. ಆ ಮಾತುಕತೆಯಲ್ಲಿ ಕಲೆಯ ಆದರ್ಶಗಳಷ್ಟೇ ಬಂದಿದ್ದರೆ ನಾನು ಅದನ್ನು ಇಲ್ಲಿ ನೆನೆಯುತ್ತಿರಲಿಲ್ಲ. ಸಾಹಿತ್ಯದ ಪ್ರಶ್ನೆ ಬಂದಾಗ ತಡೆಯುವ ಅಧಿಕಾರ ನೆಮಿರೊವಿಚ್‌ಗೆ, ರಂಗಪ್ರಯೋಗದ ಪ್ರಶ್ನೆ ಬಂದಾಗ ಸ್ತಾನಿಸ್ಲಾವ್‌ಸ್ಕಿಗೆ ಎಂದು ಅವರು ಅಂದೇ ಹಂಚಿಕೊಂಡರು. ಮುಂದೆ ಇಬ್ಬರ ನಡುವೆ ವಿರಸ ಬೆಳೆದದ್ದು ನಿಜ. ಆದರೂ ಅವರು ಕಟ್ಟಿದ ರಂಗ ಉಳಿಯಿತು.

ನಿಮ್ಮ ತಂಡಕ್ಕೂ ಇಂಥ ಒಂದು ದೀರ್ಘ ಸಂಜೆ ಬೇಕು. ಎದ್ದು ಹೋಗುವ ಮುನ್ನ ಎರಡು ಪುಟದ ಒಪ್ಪಂದ ಬರೆಯಿರಿ. ನಾಟಕ ಆರಿಸುವವರು ಯಾರು? ಹಣಕ್ಕೆ ಸಹಿ ಹಾಕುವವರು ಯಾರು? ಕಾಯಿಲೆಯೋ ಅವಘಡವೋ ಬಂದರೆ ಪ್ರದರ್ಶನ ರದ್ದು ಮಾಡುವ ಅಧಿಕಾರ ಯಾರಿಗಿದೆ? ಒಬ್ಬರು ಹೊರಟು ನಿಂತರೆ ತಂಡದ ಹೆಸರು, ಸಾಮಾನು, ಸಾಲ ಯಾರ ಪಾಲಿಗೆ? ಸ್ನೇಹ ಗಟ್ಟಿಯಾಗಿರುವಾಗ ಈ ಪ್ರಶ್ನೆಗಳನ್ನು ಕೇಳಲು ಮುಜುಗರವಾಗುತ್ತದೆ. ಮುಜುಗರವಾದರೂ ಕೇಳಿಬಿಡಿ. ಆಮೇಲೆ ನಿಮ್ಮ ನೆಲದ ಕಾನೂನಿನಂತೆ ತಂಡವನ್ನು ನೋಂದಾಯಿಸಿ, ತಂಡದ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಯಿರಿ. ನಿರ್ದೇಶಕರ ಸ್ವಂತ ಖಾತೆಯಲ್ಲಿ ಟಿಕೆಟ್ ಹಣ ಒಂದು ದಿನವೂ ಇರಬಾರದು.

ನಾಟಕವನ್ನು ಕಿವಿಯಿಂದ ಆರಿಸುವುದು

ಕಣ್ಣಿನಲ್ಲಿ ಓದಿ ನಾಟಕ ಆರಿಸಬೇಡಿ. ನಾಲ್ಕೈದು ಜನ ಕುಳಿತು ಗಟ್ಟಿಯಾಗಿ ಓದಿ, ಗಡಿಯಾರ ಇಟ್ಟುಕೊಳ್ಳಿ. ಓದಿನ ಅವಧಿಗೆ ಮೌನಗಳು, ಚಲನೆ, ದೃಶ್ಯ ಬದಲಾವಣೆ ಸೇರಿದಾಗ ನಾಟಕ ಎಷ್ಟು ಹೊತ್ತಿನದೆಂಬ ಅಂದಾಜು ಸಿಗುತ್ತದೆ. ಓದುವಾಗ ಎಲ್ಲಿ ಕೇಳುಗರು ಕುರ್ಚಿಯಲ್ಲಿ ಹೊರಳಿದರು, ಎಲ್ಲಿ ಉಸಿರು ಬಿಗಿಹಿಡಿದರು ಎಂಬುದನ್ನು ಒಬ್ಬರು ಅಂಚಿನಲ್ಲಿ ಗುರುತು ಹಾಕಿಕೊಳ್ಳಲಿ. ಆ ಗುರುತುಗಳು ಮುಂದೆ ತಾಲೀಮಿನಲ್ಲಿ ಬೇಕಾಗುತ್ತವೆ.

ಓದು ಮನಸ್ಸಿಗೆ ಹಿಡಿದರೆ ತಕ್ಷಣ ಮಾಡಬೇಕಾದ ಕೆಲಸ ದೃಶ್ಯ-ಪಾತ್ರಗಳ ಪಟ್ಟಿ. ಒಂದು ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ದೃಶ್ಯಗಳು, ಉದ್ದಕ್ಕೆ ಪಾತ್ರಗಳು. ಯಾವ ದೃಶ್ಯದಲ್ಲಿ ಯಾರಿದ್ದಾರೋ ಆ ಮನೆಗೆ ಗುರುತು ಹಾಕಿ. ಹತ್ತು ಪಾತ್ರಗಳ ನಾಟಕವನ್ನು ಐವರಲ್ಲಿ ಆಡಬಹುದೇ ಎಂಬುದಕ್ಕೆ ಈ ಹಾಳೆಯೇ ಉತ್ತರ ಹೇಳುತ್ತದೆ. ಒಂದೇ ದೃಶ್ಯದಲ್ಲಿ ಎದುರಾಗದ ಎರಡು ಪಾತ್ರಗಳನ್ನು ಒಬ್ಬರೇ ಮಾಡಬಹುದು. ಆದರೆ ನಡುವೆ ಉಡುಪು ಬದಲಿಸಲು ಎಷ್ಟು ಸಾಲಿನ ಮಾತಿದೆ ಎಂದು ಎಣಿಸಿ ನೋಡಬೇಕು. ತಾಲೀಮಿಗೆ ಯಾವ ದಿನ ಯಾರನ್ನು ಕರೆಯಬೇಕು, ಯಾರ ಬಿಡುವು ವ್ಯರ್ಥವಾಗುವುದಿಲ್ಲ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ನಟರನ್ನು ಮೂರು ಗಂಟೆ ಸುಮ್ಮನೆ ಕಾಯಿಸಿ ಹತ್ತು ನಿಮಿಷ ಬಳಸಿಕೊಳ್ಳುವ ತಂಡ ಅವರ ಗೌರವವನ್ನು ಬೇಗ ಕಳೆದುಕೊಳ್ಳುತ್ತದೆ.

ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಈ ನಾಟಕವನ್ನು ಈಗ, ನಾವು, ಈ ಜನರ ಮುಂದೆ ಏಕೆ ಆಡಬೇಕು? ಒಂದು ವಾಕ್ಯದಲ್ಲಿ ಉತ್ತರ ಬರದಿದ್ದರೆ ಆ ನಾಟಕವನ್ನು ಪಕ್ಕಕ್ಕಿಡಿ. ಪ್ರಚಾರಪತ್ರದ ಮೊದಲ ಸಾಲು, ಅನುದಾನದ ಅರ್ಜಿಯ ಮೊದಲ ಸಾಲು, ವಿನ್ಯಾಸಕರಿಗೆ ಹೇಳುವ ಮೊದಲ ಸಾಲು ಎಲ್ಲವೂ ಆ ಒಂದು ವಾಕ್ಯದಿಂದಲೇ ಹುಟ್ಟಬೇಕು.

ಹಕ್ಕು ಮತ್ತು ಲೇಖಕ

ಪುಸ್ತಕದ ಅಂಗಡಿಯಲ್ಲಿ ನಾಟಕ ಕೊಂಡರೆ ಓದುವ ಹಕ್ಕು ಸಿಗುತ್ತದೆ, ಆಡುವ ಹಕ್ಕು ಸಿಗುವುದಿಲ್ಲ. 1886ರ ಬರ್ನ್ ಒಪ್ಪಂದವನ್ನು ಒಪ್ಪಿಕೊಂಡ ದೇಶಗಳಲ್ಲಿ ಕೃತಿಯ ಹಕ್ಕು ಲೇಖಕರ ಜೀವಿತಾವಧಿ ಮತ್ತು ಅವರ ನಂತರ ಸಾಮಾನ್ಯವಾಗಿ ಕನಿಷ್ಠ 50 ವರ್ಷ ಇರುತ್ತದೆ. ಭಾರತದಲ್ಲಿ ಅದು 60 ವರ್ಷ, ಇತರ ಅನೇಕ ದೇಶಗಳಲ್ಲಿ 70. ಸಮಕಾಲೀನ ನಾಟಕ ಆಡುವವರಿಗೆ ಹಾಗಾಗಿ ಅನುಮತಿಯಿಲ್ಲದೆ ದಾರಿಯೇ ಇಲ್ಲ. ಅನುವಾದಿತ ನಾಟಕವಾದರೆ ಮೂಲ ಲೇಖಕರದ್ದು ಒಂದು ಅನುಮತಿ, ಅನುವಾದಕರದ್ದು ಇನ್ನೊಂದು. ನಡುವೆ ನುಡಿಸುವ ಧ್ವನಿಮುದ್ರಿತ ಹಾಡಿಗೆ ಮತ್ತೆ ಬೇರೆ ಅನುಮತಿ ಬೇಕು. ಈ ಮೂರನೆಯದನ್ನು ಮರೆಯುವವರು ಬಹಳ.

ಒಪ್ಪಂದದಲ್ಲಿ ಎಷ್ಟು ಪ್ರದರ್ಶನ, ಯಾವ ಊರುಗಳಲ್ಲಿ, ಯಾವ ಭಾಷೆಯಲ್ಲಿ, ಯಾವ ದಿನದವರೆಗೆ ಎಂದು ಸ್ಪಷ್ಟವಾಗಿ ಬರೆಯಿರಿ. ರಾಯಧನ ಪ್ರದರ್ಶನಕ್ಕೆ ಇಷ್ಟೆಂಬ ನಿಗದಿತ ಮೊತ್ತವೋ ಟಿಕೆಟ್ ಆದಾಯದಲ್ಲಿ ಶೇಕಡಾವಾರು ಪಾಲೋ ಎಂಬುದೂ ಅಲ್ಲಿರಲಿ. ಪಾಲು ಎಂದಾದರೆ ಅದು ಖರ್ಚು ಕಳೆಯುವ ಮೊದಲಿನ ಆದಾಯದ ಮೇಲೆಯೇ ಎಂದು ಸ್ಪಷ್ಟಪಡಿಸಿ. ಖರ್ಚು ಕಳೆದ ಲಾಭದ ಮೇಲೆ ಎಂದರೆ ಸಣ್ಣ ತಂಡದ ಲೇಖಕರಿಗೆ ಏನೂ ದಕ್ಕುವುದಿಲ್ಲ.

ಪಠ್ಯ ಬದಲಿಸುವ ಅಧಿಕಾರದ ಬಗ್ಗೆ ಪ್ರತ್ಯೇಕ ಸಾಲು ಬೇಕು. 1984ರಲ್ಲಿ ಅಮೆರಿಕದ ಒಂದು ತಂಡ ಸ್ಯಾಮ್ಯುಯೆಲ್ ಬೆಕೆಟ್ ಅವರ ‘ಎಂಡ್‌ಗೇಮ್’ ನಾಟಕವನ್ನು ಹಾಳುಬಿದ್ದ ಸುರಂಗ ರೈಲು ನಿಲ್ದಾಣದ ಸಜ್ಜಿಕೆಯಲ್ಲಿ (ರಂಗದ ಮೇಲೆ ಕಟ್ಟುವ ಸೆಟ್) ಆಡಹೊರಟಾಗ ಲೇಖಕರು ಬಲವಾಗಿ ಆಕ್ಷೇಪಿಸಿದರು. ಕೊನೆಗೆ ಅವರ ಆಕ್ಷೇಪವನ್ನೂ ಕಾರ್ಯಕ್ರಮದ ಹೊತ್ತಿಗೆಯಲ್ಲಿ ಅಚ್ಚುಮಾಡಿ ಪ್ರದರ್ಶನ ನಡೆಯಿತು. ಅಲ್ಲಿ ಮಾತಿನ ಸಾಲುಗಳಿಗಿಂತ ರಂಗಸೂಚನೆಯೇ ವಿವಾದದ ಕೇಂದ್ರವಾಗಿತ್ತು. ನೀವು ಏನು ಬದಲಿಸಬೇಕೆಂದಿದ್ದೀರೋ ಅದನ್ನು ಅನುಮತಿ ಕೇಳುವ ಪತ್ರದಲ್ಲೇ ಹೇಳಿಬಿಡಿ.

ಲೇಖಕರು ಜೊತೆಗಿದ್ದರೆ ಅದು ಹೊಸ ನಾಟಕದ ಭಾಗ್ಯ. ಮೊದಲ ವಾರ ಅವರು ತಾಲೀಮಿನಲ್ಲಿ ಕೂರಲಿ, ಪ್ರಶ್ನೆಗಳಿಗೆ ಉತ್ತರಿಸಲಿ, ಬಾಯಿಗೆ ಹೊರಳದ ಸಾಲುಗಳನ್ನು ತಿದ್ದಲಿ. ಆಮೇಲೆ ಎರಡು ವಾರ ದೂರವಿರಲಿ. ನಟರು ತಪ್ಪು ಮಾಡುತ್ತಲೇ ಪಾತ್ರವನ್ನು ಹುಡುಕುವ ಆ ದಿನಗಳಲ್ಲಿ ಬರೆದವರ ಕಣ್ಣು ಮೇಲಿದ್ದರೆ ಯಾರೂ ತಪ್ಪು ಮಾಡುವ ಧೈರ್ಯ ತೋರುವುದಿಲ್ಲ. ಪೂರ್ಣ ಓಟ, ಅಂದರೆ ನಾಟಕವನ್ನು ನಿಲ್ಲಿಸದೆ ಮೊದಲಿನಿಂದ ಕೊನೆಯವರೆಗೆ ಆಡುವುದು, ಸಿದ್ಧವಾದಾಗ ಮತ್ತೆ ಕರೆಯಿರಿ. ತಿದ್ದಿದ ಪುಟಗಳಿಗೆ ಪ್ರತಿ ಸಲ ಬೇರೆ ಬಣ್ಣದ ಕಾಗದ, ಮೇಲೆ ದಿನಾಂಕ. ಬೆಳಕು, ಧ್ವನಿಗಳನ್ನು ಹೊಂದಿಸುವ ತಾಂತ್ರಿಕ ತಾಲೀಮಿಗೆ ಒಂದು ವಾರ ಮೊದಲು ಪಠ್ಯಕ್ಕೆ ಬೀಗ ಹಾಕಿ. ಆಮೇಲೆ ಅಲ್ಪವಿರಾಮವೂ ಬದಲಾಗಬಾರದು.

ಹಣ

ಖರ್ಚನ್ನು ಎರಡು ಪಟ್ಟಿಗಳಾಗಿ ಒಡೆಯಿರಿ. ಮೊದಲ ಪ್ರದರ್ಶನದ ತನಕ ಆಗುವ ನಿರ್ಮಾಣ ವೆಚ್ಚ ಒಂದು: ತಾಲೀಮಿನ ಸಂಭಾವನೆ, ಸಜ್ಜಿಕೆ, ಉಡುಪು, ಹಕ್ಕಿನ ಮುಂಗಡ, ಪ್ರಚಾರ. ಪ್ರತಿ ಪ್ರದರ್ಶನಕ್ಕೂ ಮರಳಿ ಮರಳಿ ಬರುವ ಚಾಲ್ತಿ ವೆಚ್ಚ ಇನ್ನೊಂದು: ರಂಗಮಂದಿರದ ಬಾಡಿಗೆ, ಆ ದಿನದ ಸಂಭಾವನೆ, ಸಾಗಣೆ, ರಾಯಧನ. ಇವೆರಡನ್ನು ಕಲಸಿದರೆ ನಾಟಕ ನಷ್ಟದಲ್ಲಿದೆಯೋ ಇಲ್ಲವೋ ಎಂಬುದು ಎಂದೂ ಗೊತ್ತಾಗುವುದಿಲ್ಲ.

ಒಂದು ಲೆಕ್ಕ ನೋಡೋಣ. ಒಂದು ಪ್ರದರ್ಶನದ ಚಾಲ್ತಿ ವೆಚ್ಚ 100, ಟಿಕೆಟ್ ಆದಾಯ 140, ನಿರ್ಮಾಣ ವೆಚ್ಚ 1000 ಎಂದಿಟ್ಟುಕೊಳ್ಳಿ. ಪ್ರತಿ ಪ್ರದರ್ಶನದಲ್ಲಿ ಉಳಿಯುವುದು 40. ಹೂಡಿದ್ದು ಮರಳಲು 25 ಪ್ರದರ್ಶನ ಬೇಕು. ಆರು ಪ್ರದರ್ಶನಕ್ಕೆ ನಿಲ್ಲಿಸಿದರೆ 760 ಕೈಬಿಟ್ಟಿತು. ಈ ಲೆಕ್ಕ ಮಾಡುವಾಗ ಆಸನಗಳೆಲ್ಲ ತುಂಬುತ್ತವೆಂದು ಎಣಿಸಬೇಡಿ. ಹತ್ತರಲ್ಲಿ ಆರು ತುಂಬುತ್ತವೆಂದು ಹಿಡಿದು, ಅದರಲ್ಲೂ ಆಹ್ವಾನಿತರ ಉಚಿತ ಆಸನಗಳನ್ನು ಕಳೆಯಿರಿ. ಒಟ್ಟು ಮೊತ್ತದ ಹತ್ತನೇ ಒಂದು ಭಾಗವನ್ನು ಅನಿರೀಕ್ಷಿತ ಖರ್ಚಿಗೆಂದು ಮುಟ್ಟದೆ ಇಡಿ.

ಹೀಗೆ ಪ್ರದರ್ಶನಗಳ ಸಂಖ್ಯೆಯಲ್ಲಿ ಸೋತವರಲ್ಲಿ ದೊಡ್ಡವರೂ ಇದ್ದಾರೆ. ಪ್ಯಾರಿಸ್‌ನ ಗ್ಯಾಸ್ ಕಂಪನಿಯಲ್ಲಿ ಗುಮಾಸ್ತರಾಗಿದ್ದ ಆಂದ್ರೆ ಆಂತ್ವಾನ್ 1887ರಲ್ಲಿ ತೆಯಾತ್ರ್ ಲಿಬ್ರ್ ಎಂಬ ರಂಗತಂಡ ಕಟ್ಟಿದರು. ಚಂದಾದಾರರಿಗೆ ಮಾತ್ರ ನಾಟಕ ತೋರಿಸಿದ್ದರಿಂದ ಸೆನ್ಸಾರ್‌ಗೆ ಅವರನ್ನು ತಡೆಯಲಾಗಲಿಲ್ಲ, ಹೊಸ ಲೇಖಕರಿಗೆ ಬಾಗಿಲು ತೆರೆಯಿತು. ಆದರೆ ಪ್ರತಿ ನಾಟಕವೂ ಬೆರಳೆಣಿಕೆಯ ರಾತ್ರಿಗಳಷ್ಟೇ ನಡೆಯುತ್ತಿತ್ತು. 1894ರಲ್ಲಿ ಅವರು ಸಾಲದ ಹೊರೆಯೊಂದಿಗೆ ಅಲ್ಲಿಂದ ಹೊರನಡೆದರು. ಅವರ ಚಂದಾ ಪದ್ಧತಿಯನ್ನು ಸಣ್ಣ ತಂಡಗಳು ಇಂದಿಗೂ ಅನುಸರಿಸಬೇಕು ಎನ್ನುತ್ತೇನೆ. ವರ್ಷದ ಮೂರು ನಾಟಕಗಳಿಗೆ ಮುಂಚಿತವಾಗಿ ಹಣ ಕೊಡುವ ನೂರು ಜನ ಸಿಕ್ಕರೆ ಮೊದಲ ನಾಟಕದ ಮರ ಬಟ್ಟೆಗೆ ಸಾಲ ಬೇಕಾಗುವುದಿಲ್ಲ. ನಾಟಕಗಳನ್ನು ಬೇಗ ಬೇಗ ಕೈಬಿಟ್ಟ ಅವರ ಅಭ್ಯಾಸವನ್ನು ಮಾತ್ರ ಬಿಡಬೇಕು.

ಟಿಕೆಟ್ ಒಂದರಿಂದಲೇ ತಂಡ ಬದುಕುತ್ತದೆ ಎಂಬ ನಂಬಿಕೆಯೂ ಬೇಡ. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಇದರ ಕಾರಣವನ್ನು ತೋರಿಸಿಕೊಟ್ಟರು. ಕಾರ್ಖಾನೆಯಲ್ಲಿ ಯಂತ್ರ ಸುಧಾರಿಸಿದಂತೆ ಕಡಿಮೆ ಜನ ಹೆಚ್ಚು ವಸ್ತು ಮಾಡುತ್ತಾರೆ, ಕೂಲಿ ಏರುತ್ತದೆ. ನಾಲ್ವರು ನಟರ ನಾಟಕಕ್ಕೆ ನೂರು ವರ್ಷದ ಹಿಂದೆಯೂ ನಾಲ್ವರು ಬೇಕಿತ್ತು, ಇಂದೂ ನಾಲ್ವರೇ ಬೇಕು, ಅಷ್ಟೇ ಹೊತ್ತು ಬೇಕು. ಆದರೆ ಅವರು ಬದುಕಬೇಕಾದ ಲೋಕದ ಖರ್ಚು ಏರಿರುತ್ತದೆ. ಈ ಅಂತರವನ್ನು ತುಂಬಲು ಅನುದಾನ, ಕಾರ್ಯಾಗಾರಗಳು, ಕರೆಸಿಕೊಳ್ಳುವ ಸಂಸ್ಥೆಗಳಲ್ಲಿ ಪ್ರದರ್ಶನ ಹೀಗೆ ಕನಿಷ್ಠ ಎರಡು ಬೇರೆ ಆದಾಯ ಮೂಲಗಳನ್ನು ಮೊದಲ ದಿನದಿಂದಲೇ ಯೋಜಿಸಿ.

ಸಂಭಾವನೆ ಎಷ್ಟೇ ಸಣ್ಣದಿರಲಿ, ಮೊತ್ತ ಮತ್ತು ಕೊಡುವ ದಿನಾಂಕ ಮೊದಲ ಓದಿಗಿಂತ ಮುಂಚೆ ಕಾಗದದ ಮೇಲಿರಬೇಕು. ನಾನು ಹೊಸಬನಾಗಿದ್ದಾಗ ಒಂದು ತಂಡದಲ್ಲಿ ‘ಆಮೇಲೆ ನೋಡೋಣ’ ಎಂಬ ಮಾತಿನ ಮೇಲೆ ನಾಲ್ಕು ತಿಂಗಳು ದುಡಿದೆ. ನಾಟಕ ಚೆನ್ನಾಗಿತ್ತು. ಆ ‘ಆಮೇಲೆ’ ಬರಲೇ ಇಲ್ಲ. ಆ ನಾಟಕದ ನೆನಪು ಇಂದಿಗೂ ನನಗೆ ಪೂರ್ತಿ ಸಂತೋಷ ಕೊಡುವುದಿಲ್ಲ.

ಕ್ಯಾಲೆಂಡರನ್ನು ಹಿಂದಿನಿಂದ ಎಣಿಸಿ

ಮೊದಲ ಪ್ರದರ್ಶನದ ದಿನವನ್ನು ಗೋಡೆಯ ಮೇಲೆ ಬರೆದು ಅಲ್ಲಿಂದ ಹಿಂದಕ್ಕೆ ಬನ್ನಿ. ಅದಕ್ಕೆ ಒಂದು ದಿನ ಮೊದಲು ಉಡುಪು, ದೀಪಗಳೊಂದಿಗೆ ಪ್ರದರ್ಶನದಂತೆಯೇ ಆಡುವ ಗ್ರ್ಯಾಂಡ್ ರಿಹರ್ಸಲ್. ಅದರ ಹಿಂದೆ ಎರಡು ದಿನ ತಾಂತ್ರಿಕ ತಾಲೀಮು, ಅದರ ಹಿಂದೆ ಸಜ್ಜಿಕೆ ನಿಲ್ಲಿಸಿ ದೀಪ ಕಟ್ಟುವ ದಿನ. ಅದಕ್ಕೂ ಹಿಂದೆ ನಾಲ್ಕರಿಂದ ಆರು ವಾರ ತಾಲೀಮು, ವಾರಕ್ಕೆ ಒಂದು ದಿನ ಕಡ್ಡಾಯ ರಜೆ. ವಿನ್ಯಾಸ ಅಂತಿಮವಾಗುವುದು ತಾಲೀಮು ಶುರುವಾಗುವ ಮುನ್ನ. ರಂಗಮಂದಿರ ಕಾದಿರಿಸುವುದು ಅದಕ್ಕೂ ಎಷ್ಟೋ ಮುಂಚೆ, ಏಕೆಂದರೆ ಜಾಗ ನೋಡದೆ ಮಾಡಿದ ವಿನ್ಯಾಸ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಅಳತೆ ಪಟ್ಟಿ ಹಿಡಿದು ಹೋಗಿ ರಂಗದ ಅಗಲ ಆಳ, ದೀಪ ತೂಗುವ ಕಂಬಿಯ ಎತ್ತರ, ಸಾಮಾನು ಒಳಬರುವ ಬಾಗಿಲಿನ ಅಳತೆ, ವಿದ್ಯುತ್ ಸಾಮರ್ಥ್ಯ ಬರೆದುಕೊಳ್ಳಿ. ಎಲ್ಲ ಮೂಲೆಯ ಆಸನಗಳಲ್ಲೂ ಕುಳಿತು ಏನು ಕಾಣುತ್ತದೆ, ಏನು ಮರೆಯಾಗುತ್ತದೆ ಎಂದು ನೋಡಿ.

ತಾಲೀಮು

ತಾಲೀಮಿನ ಕೋಣೆಯ ನೆಲದ ಮೇಲೆ ಮೊದಲ ದಿನವೇ ಬಣ್ಣದ ಟೇಪಿನಿಂದ ಸಜ್ಜಿಕೆಯ ನಕ್ಷೆ ಎಳೆಯಿರಿ: ಬಾಗಿಲು ಇಲ್ಲಿ, ಮೇಜು ಇಲ್ಲಿ, ಪ್ರೇಕ್ಷಕರು ಇಲ್ಲಿ. ನಟರ ದೇಹ ಆ ಅಳತೆಯನ್ನು ಮನದಟ್ಟು ಮಾಡಿಕೊಳ್ಳುತ್ತದೆ.

ಮೊದಲ ವಾರ ಮೇಜಿನ ಸುತ್ತಲೇ ಇರಿ. ಪ್ರತಿ ಮಾತಿಗೂ ‘ಈ ಮಾತಿನಿಂದ ಎದುರಿನವರಲ್ಲಿ ಏನಾಗಬೇಕೆಂದು ಈ ಪಾತ್ರ ಬಯಸುತ್ತದೆ’ ಎಂದು ಕೇಳುತ್ತಾ ಹೋಗಿ. ಉತ್ತರ ಕ್ರಿಯಾಪದದಲ್ಲಿರಲಿ: ಹೆದರಿಸುತ್ತಾಳೆ, ಓಲೈಸುತ್ತಾನೆ, ಮಾತು ಮರೆಸುತ್ತಾರೆ. ‘ದುಃಖದಲ್ಲಿದ್ದಾಳೆ’ ಎಂಬುದು ನಟಿಗೆ ಮಾಡಲು ಏನನ್ನೂ ಕೊಡುವುದಿಲ್ಲ. ಸಮಕಾಲೀನ ನಾಟಕಗಳಲ್ಲಿ ಅರ್ಧಕ್ಕೆ ನಿಂತ ವಾಕ್ಯಗಳು, ಒಬ್ಬರ ಮೇಲೊಬ್ಬರು ಹಾಯುವ ಮಾತುಗಳು, ಬರೆದಿಟ್ಟ ಮೌನಗಳು ಹೆಚ್ಚು. ಅವನ್ನು ಸಂಗೀತದ ತಾಳದಂತೆ ಕರಾರುವಾಕ್ಕಾಗಿ ಅಭ್ಯಾಸ ಮಾಡಿಸಬೇಕು. ಅರ್ಧಕ್ಕೆ ನಿಲ್ಲುವ ವಾಕ್ಯದ ಉಳಿದರ್ಧವನ್ನು ನಟರು ಮನಸ್ಸಿನಲ್ಲಿ ಪೂರ್ತಿ ಬರೆದುಕೊಂಡಿರಬೇಕು, ಇಲ್ಲದಿದ್ದರೆ ಅದು ಮಾತು ಮರೆತಂತೆ ಕೇಳಿಸುತ್ತದೆ.

ಎರಡನೇ ವಾರ ಎದ್ದು ನಿಂತು ಚಲನೆ. ಮೂರನೇ ವಾರದ ಕೊನೆಗೆ ಪುಸ್ತಕ ಕೈಯಿಂದ ಇಳಿಯಬೇಕು. ಆ ದಿನವನ್ನು ಮುಂಚೆಯೇ ಘೋಷಿಸಿ. ಪುಸ್ತಕ ಬಿಟ್ಟ ಮೊದಲ ಎರಡು ದಿನ ನಾಟಕ ಹಿಂದಕ್ಕೆ ಹೋದಂತೆ ಕಾಣುತ್ತದೆ. ಹೊಸ ನಿರ್ದೇಶಕರು ಆಗ ಗಾಬರಿಯಿಂದ ಎಲ್ಲವನ್ನೂ ಬದಲಿಸಲು ಹೊರಡುತ್ತಾರೆ. ತಡೆದುಕೊಳ್ಳಿ, ಮೂರನೇ ದಿನ ಅದು ಮರಳಿ ಬರುತ್ತದೆ. ಆಮೇಲೆ ತುಣುಕು ತುಣುಕಾಗಿ ಕೆಲಸ, ಕೊನೆಯ ವಾರ ದಿನಕ್ಕೊಂದು ಪೂರ್ಣ ಓಟ.

ಹೊಡೆದಾಟ ಮತ್ತು ಆಪ್ತ ದೃಶ್ಯಗಳನ್ನು ‘ಸಹಜವಾಗಿ ಬರಲಿ’ ಎಂದು ಎಂದೂ ಬಿಡಬೇಡಿ. ಯಾರ ಕೈ ಎಲ್ಲಿ, ಎಷ್ಟು ಹೊತ್ತು, ಯಾವ ಸಾಲಿಗೆ ಹಿಂತೆಗೆಯುವುದು ಎಂಬುದನ್ನು ನೃತ್ಯದಂತೆ ಹೆಜ್ಜೆ ಹೆಜ್ಜೆಯಾಗಿ ಗೊತ್ತುಮಾಡಿ, ಇಬ್ಬರ ಒಪ್ಪಿಗೆ ಪಡೆದು, ಬರೆದಿಡಿ. ಹೊಡೆದಾಟವನ್ನು ಪ್ರತಿ ಪ್ರದರ್ಶನಕ್ಕೆ ಮುನ್ನ ನಿಧಾನಗತಿಯಲ್ಲಿ ಒಮ್ಮೆ ಆಡಿ ನೋಡಲೇಬೇಕು, ನೂರನೇ ಪ್ರದರ್ಶನವಾದರೂ ಸರಿ.

ರಂಗನಿರ್ವಾಹಕರು: ಮೊದಲು ನೇಮಿಸಬೇಕಾದವರು

ಹಣ ಒಬ್ಬರಿಗೆ ಮಾತ್ರ ಸಾಲುತ್ತದೆ ಎಂದರೆ ನಾನು ರಂಗನಿರ್ವಾಹಕರನ್ನು ನೇಮಿಸುತ್ತೇನೆ. ತಾಲೀಮಿನ ಪ್ರತಿ ದಿನದ ವರದಿ, ಪರಿಕರಗಳ ಪಟ್ಟಿ, ಮಾತು ತಪ್ಪಿದಾಗ ಎತ್ತಿಕೊಡುವುದು, ಎಲ್ಲರ ಸಮಯ ಕಾಯುವುದು ಅವರ ಕೆಲಸ. ಅವರ ಕೈಯಲ್ಲಿರುವ ಪ್ರಾಂಪ್ಟ್ ಪುಸ್ತಕದಲ್ಲಿ ಒಂದು ಪುಟದಲ್ಲಿ ಪಠ್ಯ, ಎದುರು ಪುಟದಲ್ಲಿ ಚಲನೆ, ಅಂಚಿನಲ್ಲಿ ಬೆಳಕು ಮತ್ತು ಧ್ವನಿಯ ಸೂಚನೆಗಳು. ಆ ಪುಸ್ತಕ ಹಿಡಿದು ಬೇರೊಬ್ಬರು ಬಂದು ಕುಳಿತರೂ ಅಂದಿನ ನಾಟಕ ನಡೆಯಬೇಕು, ಅಷ್ಟು ಸ್ಪಷ್ಟವಾಗಿರಬೇಕು ಬರವಣಿಗೆ.

ತಾಂತ್ರಿಕ ತಾಲೀಮಿನಲ್ಲಿ ಮಾತುಗಳನ್ನು ಹಾರಿಸಿ ಒಂದು ಸೂಚನೆಯಿಂದ ಇನ್ನೊಂದಕ್ಕೆ ನೇರವಾಗಿ ಸಾಗುತ್ತಾರೆ. ‘ಬೆಳಕು 14, ಸ್ಟ್ಯಾಂಡ್‌ಬೈ’ ಎಂದಾಗ ದೀಪ ನಡೆಸುವವರು ಓಗೊಡಬೇಕು. ‘ಬೆಳಕು 14, ಗೋ’ ಎಂದಾಗ ಬೆರಳು ಒತ್ತಬೇಕು. ಹೆಡ್‌ಸೆಟ್ ಹಾಕಿಕೊಂಡವರು ‘ಗೋ’ ಎಂಬ ಪದವನ್ನು ಬೇರೆ ಯಾವ ಅರ್ಥದಲ್ಲೂ ಆಡಬಾರದು. ಈ ಎರಡು ದಿನ ನಟರಿಗೆ ಬೇಸರ, ನಿರ್ದೇಶಕರಿಗೆ ಅಸಹನೆ. ಮೈಕ್ ರಂಗನಿರ್ವಾಹಕರ ಕೈಯಲ್ಲೇ ಇರಲಿ, ನಿರ್ದೇಶಕರು ಮೆಲ್ಲಗೆ ಅವರ ಕಿವಿಯಲ್ಲಿ ಹೇಳಲಿ.

ಬ್ರಿಟಿಷ್ ರಂಗಭೂಮಿಯ ಒಂದು ಪದ್ಧತಿಯನ್ನು ನಾನು ಎಲ್ಲ ತಂಡಗಳಿಗೂ ಶಿಫಾರಸು ಮಾಡುತ್ತೇನೆ. ಅಲ್ಲಿ ‘ಅರ್ಧ ಗಂಟೆ’ ಎಂಬ ಕರೆ ಬರುವುದು ಆರಂಭಕ್ಕೆ 35 ನಿಮಿಷ ಮೊದಲು, ‘ಕಾಲು ಗಂಟೆ’ 20 ನಿಮಿಷ ಮೊದಲು, ‘ಐದು ನಿಮಿಷ’ 10 ನಿಮಿಷ ಮೊದಲು. ಆರಂಭದ ದೃಶ್ಯದ ನಟರು 5 ನಿಮಿಷ ಮೊದಲೇ ಸಿದ್ಧರಾಗಿ ನಿಲ್ಲಬೇಕಾದ್ದರಿಂದ ಎಲ್ಲ ಎಣಿಕೆಯೂ ಅಲ್ಲಿಂದ ಶುರುವಾಗುತ್ತದೆ. ‘ಅರ್ಧ ಗಂಟೆ’ ಕರೆಯ ಹೊತ್ತಿಗೆ ಹಾಜರಿರದವರಿಗೆ ತಕ್ಷಣ ಫೋನ್ ಹೋಗುತ್ತದೆ.

ದೀಪ, ಸಜ್ಜಿಕೆ, ಬಾಗಿಲು

ದೀಪಗಳು ಕಡಿಮೆಯಿದ್ದರೆ ಹಳೆಯ ಸೂತ್ರವೊಂದು ಕೈಹಿಡಿಯುತ್ತದೆ. ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ 1932ರಲ್ಲಿ ವಿವರಿಸಿದಂತೆ, ರಂಗವನ್ನು ಸಣ್ಣ ವಲಯಗಳಾಗಿ ಒಡೆದು ಪ್ರತಿ ವಲಯಕ್ಕೂ ಎದುರಿನ ಎರಡು ಬದಿಗಳಿಂದ 45 ಡಿಗ್ರಿ ಕೋನದಲ್ಲಿ ಎರಡು ದೀಪ ಬಿಡಿ. ಒಂದು ಬೆಚ್ಚನೆಯ ಬಣ್ಣದ್ದು, ಇನ್ನೊಂದು ತಣ್ಣನೆಯದು. ಆರು ವಲಯಕ್ಕೆ ಹನ್ನೆರಡು ದೀಪ. ಮುಖಗಳು ಕಾಣುತ್ತವೆ, ಚಪ್ಪಟೆಯಾಗುವುದಿಲ್ಲ. ಭಾವದ ಬೆಳಕನ್ನು ಇದರ ಮೇಲೆ ಕಟ್ಟಿಕೊಳ್ಳಿ. ಹಳೆಯ 1000 ವಾಟ್ ದೀಪ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ, ಹಾಗಾಗಿ 15 ಆಂಪಿಯರ್ ಸರ್ಕ್ಯೂಟ್‌ಗೆ ಮೂರಕ್ಕಿಂತ ಹೆಚ್ಚು ಕೂಡದು. ಸಜ್ಜಿಕೆ ಒಂದೇ ವಾಹನದಲ್ಲಿ ಹಿಡಿಸುವಂತೆ, ಇಬ್ಬರು ಎತ್ತುವಂತೆ ಇರಲಿ. ಊರೂರಿಗೆ ಸುಲಭವಾಗಿ ಒಯ್ಯಲು ಆದರೆ ಹಿಂದೆ ಹೇಳಿದ 25 ಪ್ರದರ್ಶನಗಳ ಲೆಕ್ಕ ಕೈಗೂಡುತ್ತದೆ.

ಕಪ್ಪು ಬಟ್ಟೆ ಇಳಿಬಿಡುವಾಗ ಒಂದು ಕ್ಷಣ ನಿಂತು ಬಾಗಿಲುಗಳನ್ನು ನೋಡಿ. 1903ರ ಡಿಸೆಂಬರ್ 30ರಂದು ಶಿಕಾಗೋದ ಇರೊಕ್ವಾ ರಂಗಮಂದಿರದಲ್ಲಿ ದೀಪದ ಕಿಡಿ ಬಟ್ಟೆಗೆ ತಗುಲಿ 600ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ನಿರೋಧಕ ಪರದೆ ಅರ್ಧದಲ್ಲಿ ಸಿಕ್ಕಿಕೊಂಡಿತು. ಹೊರಹೋಗುವ ಕೆಲವು ಬಾಗಿಲುಗಳು ಬಟ್ಟೆಯ ಹಿಂದೆ ಮರೆಯಾಗಿದ್ದವು, ಕೆಲವಕ್ಕೆ ಬೀಗವಿತ್ತು, ಕೆಲವದರ ಅಗುಳಿ ತೆಗೆಯುವುದು ಯಾರಿಗೂ ಗೊತ್ತಾಗಲಿಲ್ಲ. ಅದನ್ನು ಬೆಂಕಿಗೆ ಜಗ್ಗದ ಕಟ್ಟಡವೆಂದು ಜಾಹೀರಾತು ಮಾಡಿದ್ದರು. ಪ್ರೇಕ್ಷಕರನ್ನು ಒಳಬಿಡುವ ಮುನ್ನ ಪ್ರತಿ ದಿನ ಒಬ್ಬರು ಪ್ರತಿ ಬಾಗಿಲನ್ನೂ ಕೈಯಿಂದ ತೆರೆದು ಮುಚ್ಚಿ ನೋಡಿ ಸಹಿ ಹಾಕಬೇಕು. ಸಣ್ಣ ಜಾಗ ಎಂಬ ಕಾರಣಕ್ಕೆ ಇದರಲ್ಲಿ ವಿನಾಯಿತಿ ಇಲ್ಲ.

ಪ್ರದರ್ಶನದ ದಿನಗಳು ಮತ್ತು ಅನಂತರ

ಮೊದಲ ಪ್ರದರ್ಶನವಾದ ಮೇಲೆ ನಾಟಕ ರಂಗನಿರ್ವಾಹಕರದ್ದು. ನಿರ್ದೇಶಕರು ಆಗಾಗ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಕೊಡಬಹುದು, ಹೊಸದಾಗಿ ಕಟ್ಟಲು ಹೊರಡಬಾರದು. ಪ್ರತಿ ರಾತ್ರಿ ಒಂದು ಪುಟದ ವರದಿ ಬರೆಯಿರಿ: ಶುರುವಾದ ಹೊತ್ತು, ಮುಗಿದ ಹೊತ್ತು, ಪ್ರೇಕ್ಷಕರ ಸಂಖ್ಯೆ, ತಪ್ಪಿದ ಸೂಚನೆ, ಮುರಿದ ಕುರ್ಚಿ. ನಾಟಕದ ಅವಧಿ ದಿನಕ್ಕೆ ಒಂದೊಂದು ನಿಮಿಷ ಹೆಚ್ಚುತ್ತಿದ್ದರೆ ಯಾರೋ ತಮ್ಮ ಮೌನಗಳನ್ನು ಸವಿಯುತ್ತಿದ್ದಾರೆ ಎಂದರ್ಥ. ಸಾಲುಗಳನ್ನು ವೇಗವಾಗಿ ಹೇಳಿಸುವ ಒಂದು ಓಟ ಮಾಡಿಸಿ.

ಕೊನೆಯ ಪ್ರದರ್ಶನದ ರಾತ್ರಿ ಚಪ್ಪಾಳೆ ನಿಂತ ಮೇಲೆ ತೆರವಿನ ಕೆಲಸ. ಯಾರು ದೀಪ ಇಳಿಸುವುದು, ಯಾರು ಬಾಡಿಗೆ ಸಾಮಾನು ಎಣಿಸುವುದು ಎಂಬ ಪಟ್ಟಿ ಗೋಡೆಯ ಮೇಲಿರಲಿ, ನಿರ್ದೇಶಕರ ಹೆಸರೂ ಅದರಲ್ಲಿರಲಿ. ದಣಿದ ಕೈಗಳು ಭಾರ ಎತ್ತುವ ಹೊತ್ತು ಅದು, ಅಪಘಾತಗಳು ಆಗುವುದು ಆಗಲೇ. ಮಾತು ಕಡಿಮೆ, ಚಪ್ಪಲಿ ಬೇಡ, ಬೂಟು ಇರಲಿ.

ಏಳು ದಿನದೊಳಗೆ ಪ್ರತಿಯೊಬ್ಬರ ಬಾಕಿ ತೀರಿಸಿ. ಎರಡು ಪಟ್ಟಿಗಳ ಲೆಕ್ಕವನ್ನು ತಂಡದ ಎಲ್ಲರ ಮುಂದೆ ಓದಿ, ನಷ್ಟವಾಗಿದ್ದರೂ ಓದಿ. ಪ್ರಾಂಪ್ಟ್ ಪುಸ್ತಕ, ದೀಪದ ನಕ್ಷೆ, ಉಡುಪಿನ ಅಳತೆ, ರಾತ್ರಿಯ ವರದಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮೇಲೆ ನಾಟಕದ ಹೆಸರು ಬರೆಯಿರಿ. ಆರು ತಿಂಗಳ ಮೇಲೆ ಬೇರೆ ಊರಿನಿಂದ ಕರೆ ಬಂದಾಗ ಆ ಪೆಟ್ಟಿಗೆ ತೆರೆದರೆ ಮರುತಾಲೀಮು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಲೇಖಕರಿಗೆ ಪ್ರದರ್ಶನವಾರು ಟಿಕೆಟ್ ಎಣಿಕೆ, ರಾಯಧನದ ಮೊತ್ತ ಮತ್ತು ಬೀಗ ಹಾಕಿದ ಅಂತಿಮ ಪಠ್ಯದ ಒಂದು ಪ್ರತಿಯನ್ನು ಅದೇ ವಾರ ಕಳುಹಿಸಿ. ಅಚ್ಚಿಗೆ ಹೋಗುವಾಗ ತಾಲೀಮಿನಲ್ಲಿ ತಿದ್ದಿದ ಆ ಸಾಲುಗಳು ಅವರಿಗೆ ಬೇಕಾಗುತ್ತವೆ.